ಪುಟ್ಟಿಯ ಸರದಿ

ಇಪ್ಪತ್ತೆಂಟು ವರ್ಷದಿಂದ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತಿರುವವಳು ನಾನು. ದಾಳವೆಂದರೆ ನನಗೆ ನೆನಪಾಗುತ್ತಿದ್ದುದು ಧರ್ಮರಾಯನ ಜೂಜು, ಅದು ಬಿಟ್ಟರೆ ಅಜ್ಜಿಮನೆಯ ಜಗುಲಿಯ ಪಗಡೆ. ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮಗ ಇಪ್ಪತ್ತು ಮುಖದ ದಾಳವೊಂದನ್ನು ಚೀಲದಿಂದ ತೆಗೆದು ಉರುಳಿಸಿದಾಗ, “ಇದೇನೋ, ನೆಲ್ಲಿಕಾಯಿ ಇದ್ದ ಹಾಗಿದೆ!” ಎಂದೆ.

ಆಟ ಇಷ್ಟು. ಒಬ್ಬ ಸೂತ್ರಧಾರ, ಉಳಿದವರಿಗೆ ಯೋಧನದೋ ಮಾಂತ್ರಿಕನದೋ ಒಂದೊಂದು ಪಾತ್ರ. “ಮುಂದೆ ಕತ್ತಲೆಯ ಗುಹೆ, ಏನು ಮಾಡುತ್ತೀರಿ?” ಎಂದು ಸೂತ್ರಧಾರ ಕೇಳುತ್ತಾನೆ. ಇವರು ಹೇಳುತ್ತಾರೆ. ಅನುಮಾನವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ಮಗ ಎರಡು ಬಗೆಯ ಆಟ ತಂದಿದ್ದ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮುನ್ನೂರು ಪುಟ ದಾಟಿದ ಪುಸ್ತಕ; ‘ಟನಲ್ಸ್ ಅಂಡ್ ಟ್ರೋಲ್ಸ್’ ತೆಳ್ಳನೆಯ ಪುಸ್ತಿಕೆ. “ಯಾವುದು ಆಡಿಸಲಿ ಅಮ್ಮಾ?” ಎಂದ. ನಾನು ತೆಳ್ಳನೆಯದಕ್ಕೇ ಕೈ ಹಾಕಿದೆ. ಪಠ್ಯಪುಸ್ತಕ ಬಿಟ್ಟು ಗೈಡಿಗೆ ಕೈಹಾಕುವ ಮಕ್ಕಳನ್ನು ವರ್ಷವಿಡೀ ಬೈಯುವವಳು ನಾನೇ!

ಮೈದುನನ ಇಬ್ಬರು ಗಂಡುಮಕ್ಕಳು, ಪಕ್ಕದ ಮನೆಯ ಹುಡುಗ, ಮೈದುನನ ಕಿರಿಮಗಳು ಪುಟ್ಟಿ ಸುತ್ತ ಕೂತರು. ಕಾಳಗ ಬಂದರೆ ನಮ್ಮವರ ದಾಳಗಳನ್ನೆಲ್ಲ ಕೂಡುವುದು, ಶತ್ರುವಿನದನ್ನು ಕೂಡುವುದು, ಹೆಚ್ಚಾದ ಕಡೆ ಗೆಲುವು. ಐದೇ ನಿಮಿಷದಲ್ಲಿ ಕಲಿತರು, ನಕ್ಕರು, ಕಿರುಚಿದರು. ಆದರೆ ಸಂಜೆಯವರೆಗೂ ಪುಟ್ಟಿ ಬಾಯಿ ತೆರೆದಿರಲಿಲ್ಲ. “ನೀನೇನು ಮಾಡ್ತೀಯೆ ಪುಟ್ಟಿ?” ಎಂದು ಕೇಳಿದರೆ, “ಅವಳು ನಮ್ಮ ಹಿಂದೆ ಬರ್ತಾಳೆ ದೊಡ್ಡಮ್ಮ” ಎಂದು ಅವಳ ಅಣ್ಣನೇ ಉತ್ತರ ಕೊಟ್ಟ.

ಆ ಮಾತು ಮನಸ್ಸಿಗೆ ಚುಚ್ಚಿತು. ರಾತ್ರಿ ಈ ಆಟದ ಚರಿತ್ರೆ ಕೆದಕುತ್ತಾ ಕೂತೆ. ಬೇರು ಸಿಕ್ಕಿದ್ದು ಪ್ರಷ್ಯದ ಸೈನ್ಯದಲ್ಲಿ. ತಂದೆ ಆರಂಭಿಸಿದ ಯುದ್ಧದಾಟವನ್ನು ತಿದ್ದಿ, ರೈಸ್‌ವಿಟ್ಸ್ ಎಂಬ ಯುವ ಸೇನಾಧಿಕಾರಿ 1824ರಲ್ಲಿ ನಿಯಮಪುಸ್ತಕ ಪ್ರಕಟಿಸಿದ. ಅಳತೆಗೆ ಬರೆದ ನಕ್ಷೆ. ಒಂದು ಸರದಿಯೆಂದರೆ ರಣರಂಗದ 2 ನಿಮಿಷ. ಎಷ್ಟು ಸೈನಿಕರು ಬಿದ್ದರೆಂಬುದಕ್ಕೆ ದಾಳ ಮತ್ತು ಕೋಷ್ಟಕ. ಈ ಲೆಕ್ಕಾಚಾರ ಬರಬರುತ್ತಾ ಭಾರವೆನಿಸಿತು. 1876ರಲ್ಲಿ ವೆರ್ಡಿ ದ್ಯು ವೆರ್ನ್ವಾ ಎಂಬ ಸೇನಾನಿ ಅದನ್ನೆಲ್ಲ ಬದಿಗಿಟ್ಟು, ಅನುಭವಸ್ಥ ತೀರ್ಪುಗಾರನ ಮಾತೇ ಸಾಕೆಂದ. ಆಟ ಹಗುರಾಯಿತು, ಭಾರವೆಲ್ಲ ತೀರ್ಪುಗಾರನ ನ್ಯಾಯಬುದ್ಧಿಯ ಮೇಲೆ ಬಿತ್ತು.

ಬಳ್ಳಿ ಅಮೆರಿಕಕ್ಕೂ ಹಬ್ಬಿತು. ಅಲ್ಲಿ ಟಾಟನ್ ಎಂಬಾತ 1880ರಲ್ಲಿ ಬರೆದ ಯುದ್ಧದಾಟದ ಪುಸ್ತಕ ಮಿನೆಸೋಟದ ಡೇವಿಡ್ ವೆಸ್ಲಿಯ ಕೈಗೆ ಸಿಕ್ಕಿತು. 1969ರಲ್ಲಿ ಅವನು ಆಡಿಸಿದ ಆಟದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಅವನ ಗೆಳೆಯ ಡೇವ್ ಆರ್ನೆಸನ್ ಅದೇ ಬಗೆಯ ಆಟಕ್ಕೆ ಕೋಟೆ, ನೆಲಮಾಳಿಗೆ, ರಾಕ್ಷಸರನ್ನು ತಂದ. ಅವನೂ ಗ್ಯಾರಿ ಗೈಗ್ಯಾಕ್ಸನೂ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು: ಒಂದು ಪೆಟ್ಟಿಗೆ, ಮೂರು ಸಣ್ಣ ಪುಸ್ತಕ, ಮೊದಲ ಮುದ್ರಣ 1000 ಪ್ರತಿ. ಆ ನಿಯಮಗಳು ಗೋಜಲೆನಿಸಿ, ಎಲ್ಲರ ಮನೆಯಲ್ಲೂ ಸಿಗುವ ಆರು ಮುಖದ ದಾಳವೇ ಸಾಕೆಂದು ಅರಿಜೋನದ ಕೆನ್ ಸೇಂಟ್ ಆಂಡ್ರೆ 1975ರಲ್ಲೇ ‘ಟನಲ್ಸ್ ಅಂಡ್ ಟ್ರೋಲ್ಸ್’ ಬರೆದ. ಅತ್ತ ಗೈಗ್ಯಾಕ್ಸ್, ಎಲ್ಲ ಕಡೆಯೂ ಆಟ ಒಂದೇ ರೀತಿ ನಡೆಯಲೆಂದು 1977ರಿಂದ 1979ರೊಳಗೆ ಮೂರು ದಪ್ಪ ಪುಸ್ತಕ ತಂದ. ಪ್ರಷ್ಯದ ಜಗಳವೇ ಮತ್ತೆ ನಡೆದಿತ್ತು.

ಓದುತ್ತಾ ನನ್ನ ಮದುವೆಯ ದಿನಗಳು ನೆನಪಾದವು. “ನಮ್ಮನೇಲಿ ಸೊಸೆಗೆ ಯಾವ ಕಟ್ಟುನಿಟ್ಟೂ ಇಲ್ಲಮ್ಮ” ಎಂದಿದ್ದರು. ನಿಜ, ಕಟ್ಟುನಿಟ್ಟಿರಲಿಲ್ಲ. ಆದರೆ ಬಿ.ಎಡ್.ಗೆ ಸೇರಲೇ ಎಂದು ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು ಎಂಬುದಕ್ಕೂ ನಿಯಮವಿರಲಿಲ್ಲ. ಹಿರಿಯರ ಮುಖ ನೋಡುತ್ತಲೇ ಒಂದು ವರ್ಷ ಕಳೆಯಿತು. ಮುಂದೆ ಶಾಲೆ ಸೇರಿದ ಮೇಲೆ, ರಜೆಯ ನಿಯಮ ಕಾಗದದ ಮೇಲಿದ್ದುದರಿಂದಲೇ ಧೈರ್ಯವಾಗಿ ಅರ್ಜಿ ಕೊಡುತ್ತಿದ್ದೆ. ನಿಯಮವಿಲ್ಲದ ಕಡೆ ಗಟ್ಟಿ ದನಿಯೇ ನಿಯಮವಾಗುತ್ತದೆ.

ಮರುದಿನ ದಪ್ಪ ಪುಸ್ತಕ ತೆರೆಸಿದೆ. ಕಾಳಗ ಶುರುವಾಗುವಾಗ ಪ್ರತಿಯೊಬ್ಬರೂ ಇಪ್ಪತ್ತು ಮುಖದ ದಾಳ ಹಾಕಬೇಕು. ದೊಡ್ಡ ಸಂಖ್ಯೆಯವರ ಸರದಿ ಮೊದಲು. ಪುಟ್ಟಿಗೆ ಹದಿನೆಂಟು ಬಿತ್ತು. ಅಣ್ಣಂದಿರು ಬಾಯಿ ಮುಚ್ಚಿಕೊಂಡು ಕಾಯಬೇಕಾಯಿತು. ಆದರೆ ಯಾವ ಮಂತ್ರ ಎಷ್ಟು ಅಡಿ ದೂರ ಹೋಗುತ್ತದೆಂದು ಪುಟ ತಿರುವುತ್ತಾ ಅರ್ಧ ಗಂಟೆ ಹೋಯಿತು. ಅವಳೇ ಆಕಳಿಸಿದಳು.

ಮೂರನೆಯ ದಿನ ತೆಳ್ಳನೆಯ ಪುಸ್ತಿಕೆಗೇ ಮರಳಿದೆವು. ದಪ್ಪ ಪುಸ್ತಕದಿಂದ ಒಂದೇ ಒಂದು ನಿಯಮ ಎರವಲು ತಂದೆ: ಕಾಳಗವಿರಲಿ, ಬಿಡಲಿ, ಮಾತು ಸರದಿಯಂತೆ, ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಉತ್ತರಿಸುವಂತಿಲ್ಲ.

ಗುಹೆ ಬಂತು. ಪುಟ್ಟಿಯ ಸರದಿ. ಅಣ್ಣ ಬಾಯಿ ತೆರೆದ, ನನ್ನ ಮುಖ ನೋಡಿ ಮುಚ್ಚಿದ. ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳು ಮೆಲ್ಲಗೆ ಹೇಳಿದಳು: “ದೀಪ ನನ್ನ ಹತ್ರ ಇದೆ. ನಾನೇ ಮುಂದೆ ಹೋಗ್ತೀನಿ.”