ನಡಿಗೆಯೆಂಬ ಮದ್ದು

ವೈದ್ಯರು ನಡಿಗೆಯನ್ನು ವಿಧಿಸುವುದು ಹೊಸದಲ್ಲ. ಪ್ರಮೇಹದ ರೋಗಿ ಬಡವನಾದರೆ ಕೊಡೆ, ಪಾದರಕ್ಷೆಗಳಿಲ್ಲದೆ ನೂರು ಯೋಜನ ನಡೆಯಲಿ, ಇಲ್ಲವೆ ದನಗಳೊಡನೆ ಅಲೆಯಲಿ ಎಂದಿತು ಸುಶ್ರುತಸಂಹಿತೆ. ಕೃಶನಾದವನನ್ನು ಮಾತ್ರ ಕಾಪಾಡಿಕೊಳ್ಳಬೇಕೆಂದೂ ಎಚ್ಚರಿಸಿತು. 1953ರಲ್ಲಿ ಲಂಡನ್ನಿನ ಡಾಕ್ಟರ್ ಜೆರಿ ಮಾರಿಸರು ಲೆಕ್ಕವಿಟ್ಟು ತೋರಿಸಿದರು: ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರರಿಗಿಂತ ಕುಳಿತೇ ದುಡಿಯುವ ಡ್ರೈವರರಿಗೆ ಹೃದ್ರೋಗ ಹೆಚ್ಚು.

ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದವರಿಗೆ ಒಂದು ಕಾಲಕ್ಕೆ ಹೊಲಕ್ಕೂ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಕಾಲ್ನಡಿಗೆಯೇ ಗತಿ. 1973ರಲ್ಲಿ ಹುಲಿ ಯೋಜನೆಗೆ ಒಳಪಟ್ಟ ಬಂಡೀಪುರದ ಕಾಡಿನಲ್ಲಿದೆ ಆ ಬೆಟ್ಟ. ಇಂದು ತಪ್ಪಲಿನಿಂದ ಬಸ್ಸನ್ನೇ ಹಿಡಿಯಬೇಕು. ತಾನಾಗಿ ಒದಗುತ್ತಿದ್ದ ನಡಿಗೆಯನ್ನು ಈಗ ನಾವೇ ಒದಗಿಸಿಕೊಳ್ಳಬೇಕಾಗಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಿರೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೋಗಿಗಳು ವೈದ್ಯರನ್ನು ಕೇಳಿ ಅಳತೆ ಗೊತ್ತುಮಾಡಿಕೊಳ್ಳಲಿ. ನೆರೆಹೊರೆಯವರು ಜೊತೆಗೂಡಿದರೆ ದಾರಿ ಸವೆದದ್ದೂ ತಿಳಿಯದು.