ತೀರ್ಪು ನೀಡದ ಮಧ್ಯಸ್ಥರು: ರೋಮ್ ಮಾತುಕತೆಯ (1990–92) ಪಾಲನಾ ಪಾಠ

ಸಂಧಾನದ ಸೇವೆಯನ್ನು ದೇವರು ತಮಗೆ ವಹಿಸಿದ್ದಾರೆಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ (5:18) ಹೇಳುತ್ತಾರೆ. ಈ ಸೇವೆ ಕೃಪಾವರವೆಂಬುದು ನಿಸ್ಸಂದೇಹ. ಆದರೆ ವರವಾದುದರಿಂದ ಅದನ್ನು ಕಲಿಯಬೇಕಾಗಿಲ್ಲವೆಂಬ ಭಾವನೆ ಸರಿಯಲ್ಲ. ಮೊಜಾಂಬಿಕ್ ದೇಶದ ಅಂತರ್ಯುದ್ಧವನ್ನು ಕೊನೆಗಾಣಿಸಿದ ರೋಮ್ ಮಾತುಕತೆಯ ಇತಿಹಾಸವು, ಮಧ್ಯಸ್ಥಿಕೆಯು ಅಭ್ಯಾಸದಿಂದ ಕೈಗೂಡುವ ವಿದ್ಯೆ ಎಂಬುದನ್ನು ನಿದರ್ಶಿಸುತ್ತದೆ.

1975ರಲ್ಲಿ ಪೋರ್ಚುಗೀಸರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಮೊಜಾಂಬಿಕ್‌ನಲ್ಲಿ ಫ್ರೆಲಿಮೊ ಪಕ್ಷವು ಅಧಿಕಾರಕ್ಕೆ ಬಂದು ಮಾರ್ಕ್ಸ್‌ವಾದದ ಹಾದಿ ಹಿಡಿಯಿತು. ಧರ್ಮಸಭೆಯ ಶಾಲೆಗಳೂ ಆಸ್ಪತ್ರೆಗಳೂ ರಾಷ್ಟ್ರೀಕರಣಗೊಂಡವು. ಮೊದಲು ರೊಡೇಶಿಯದ, ಬಳಿಕ ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರದ ಬೆಂಬಲ ಪಡೆದ ರೆನಾಮೊ ಬಂಡುಕೋರರು ಸರ್ಕಾರದ ವಿರುದ್ಧ ಶಸ್ತ್ರವೆತ್ತಿದರು. ಯುದ್ಧಕ್ಕೂ ಕ್ಷಾಮಕ್ಕೂ ಬಲಿಯಾದವರು ಸುಮಾರು 10 ಲಕ್ಷ ಎಂದು ಅಂದಾಜು. ಸರ್ಕಾರದ ಪಾಲಿಗೆ ರೆನಾಮೊ ಕೇವಲ ಶಸ್ತ್ರಧಾರಿ ದರೋಡೆಕೋರರ ಗುಂಪು. ದರೋಡೆಕೋರರೊಡನೆ ಸಂಧಾನವೆಲ್ಲಿಯದು?

ಮೊದಲ ಹೆಜ್ಜೆಯಿಟ್ಟವರಲ್ಲಿ ಬೈರಾದ ಮಹಾಧರ್ಮಾಧ್ಯಕ್ಷ ಜೈಮೆ ಗೊನ್ಸಾಲ್ವೆಸ್ ಒಬ್ಬರು. 1988ರಲ್ಲಿ ಅವರು ಅರಣ್ಯದ ನೆಲೆಗೆ ತೆರಳಿ ರೆನಾಮೊ ನಾಯಕ ಅಫೊನ್ಸೊ ಧ್ಲಕಾಮ ಅವರನ್ನು ಕಂಡರು. ಇಬ್ಬರೂ ಒಂದೇ ಪ್ರಾಂತ್ಯದವರು, ಒಂದೇ ಭಾಷಿಕರು. 1990ರ ಜುಲೈನಲ್ಲಿ ಉಭಯ ಪಕ್ಷಗಳ ನಿಯೋಗಗಳು ರೋಮ್ ನಗರದ ತ್ರಾಸ್ತೆವೆರೆಯಲ್ಲಿ, ಹಿಂದೆ ಕಾರ್ಮೆಲ್ ಕನ್ಯಾಮಠವಾಗಿದ್ದ ಸಾಂತ್ ಎಜಿದಿಯೊ ಸಮುದಾಯದ ನಿವಾಸದಲ್ಲಿ ಮುಖಾಮುಖಿಯಾದವು. ಜೊತೆಗಿದ್ದವರು ನಾಲ್ವರು: ಗೊನ್ಸಾಲ್ವೆಸ್, 1968ರಲ್ಲಿ ಆ ಸಮುದಾಯವನ್ನು ಸ್ಥಾಪಿಸಿದ ಶ್ರೀಸಾಮಾನ್ಯ ವಿಶ್ವಾಸಿ ಆಂದ್ರೆಯ ರಿಕ್ಕಾರ್ದಿ, ಇಂದು ಕಾರ್ಡಿನಲ್ ಆಗಿರುವ ಗುರು ಮತ್ತೆಯೊ ಜುಪ್ಪಿ, ಇಟಲಿಯ ಸಂಸದ ಮಾರಿಯೊ ರಫಾಯೆಲ್ಲಿ.

ಈ ನಾಲ್ವರು ಆರಂಭದಲ್ಲಿ ಮಧ್ಯಸ್ಥರಾಗಿರಲಿಲ್ಲ, ವೀಕ್ಷಕರು ಮಾತ್ರ. ವಿಶ್ವಾಸ ಬೆಳೆದಂತೆ ಉಭಯ ಪಕ್ಷಗಳೇ ಅವರಿಗೆ ಮಧ್ಯಸ್ಥಿಕೆಯನ್ನು ವಹಿಸಿದವು. ಬೇರ್ಪಡಿಸುವುದನ್ನು ಬದಿಗಿರಿಸಿ ಒಂದುಗೂಡಿಸುವುದನ್ನು ಅರಸಬೇಕೆಂಬ ವಿಶ್ವಗುರು 23ನೇ ಜಾನ್ ಅವರ ನಿಲುವೇ ಅವರ ದಾರಿದೀಪವಾಯಿತು. ಮೊದಲ ಸಭೆಯ ಜಂಟಿ ಹೇಳಿಕೆಯಲ್ಲಿ ಇಬ್ಬರೂ ತಾವು ಒಂದೇ ಮೊಜಾಂಬಿಕ್ ಕುಟುಂಬದವರೆಂದು ಒಪ್ಪಿಕೊಂಡರು. ದರೋಡೆಕೋರನೆನಿಸಿದ್ದವನು ಸಹೋದರನಾದ. ಯಾವ ಷರತ್ತೂ ಇತ್ಯರ್ಥವಾಗದಿದ್ದರೂ ಮಾತು ಸಾಧ್ಯವಾಗುವ ನೆಲೆಯೊಂದು ಸಿದ್ಧವಾಯಿತು.

ಅನಂತರದ ಮಾರ್ಗ ದೀರ್ಘವಾಗಿತ್ತು. ದೊಡ್ಡ ಪ್ರಶ್ನೆಗಳಿಗೆ ಮುನ್ನ ಸಣ್ಣ ಒಮ್ಮತ: 1990ರ ಡಿಸೆಂಬರ್‌ನಲ್ಲಿ ಬೈರಾ ಮತ್ತು ಲಿಂಪೊಪೊ ಸಾರಿಗೆ ಮಾರ್ಗಗಳಿಗಷ್ಟೇ ಸೀಮಿತವಾದ ಕದನವಿರಾಮ. ಬಳಿಕ ಪಕ್ಷಗಳ ಮಾನ್ಯತೆ, ಚುನಾವಣೆ, ಸೇನೆ ಎಂದು ಒಂದೊಂದೇ ವಿಷಯವನ್ನು ಬಿಡಿಸಿಕೊಂಡರು. ಮಧ್ಯಸ್ಥರ ಬಳಿ ಸೈನ್ಯವಿರಲಿಲ್ಲ, ಖಜಾನೆಯಿರಲಿಲ್ಲ. ಆದಕಾರಣ ಸ್ವಂತ ಬಲದಿಂದ ಬೆದರಿಸಿ ಒಪ್ಪಿಸುವ ಅವಕಾಶ ಅವರಿಗಿರಲಿಲ್ಲ. ತಮ್ಮ ಮಿತಿಯನ್ನೂ ಅವರು ಅರಿತಿದ್ದರು. ನಿಶ್ಶಸ್ತ್ರೀಕರಣದ ಹೊಣೆಗೆ ವಿಶ್ವಸಂಸ್ಥೆಯೂ ಇತರ ರಾಷ್ಟ್ರಗಳೂ ಬೇಕಾದಾಗ ಅವುಗಳಿಗೆ ಎಡೆಮಾಡಿಕೊಟ್ಟರು. 27 ತಿಂಗಳ ತರುವಾಯ, 1992ರ ಅಕ್ಟೋಬರ್ 4ರಂದು, ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ಅಧ್ಯಕ್ಷ ಶಿಸಾನೊ ಮತ್ತು ಧ್ಲಕಾಮ ಒಪ್ಪಂದಕ್ಕೆ ಸಹಿಹಾಕಿದರು. 1994ರಲ್ಲಿ ಚುನಾವಣೆ ನಡೆಯಿತು.

ಈ ಶಾಂತಿ ಪರಿಪೂರ್ಣವಾಗಿರಲಿಲ್ಲ. ಒಪ್ಪಂದದ ಬೆನ್ನಲ್ಲೇ ಸಾರ್ವತ್ರಿಕ ಕ್ಷಮಾದಾನ ಘೋಷಣೆಯಾಯಿತು. ನೊಂದವರ ಅಳಲನ್ನು ಆಲಿಸುವ ಸತ್ಯಶೋಧನ ಆಯೋಗ ರಚನೆಯಾಗಲಿಲ್ಲ. 2013ರಲ್ಲಿ ಹಿಂಸೆ ಮರುಕಳಿಸಿತು, 2019ರಲ್ಲಿ ಹೊಸ ಒಪ್ಪಂದವೇ ಬೇಕಾಯಿತು. ಕಾದಾಡುವವರನ್ನು ಒಂದುಗೂಡಿಸುವ ಭರದಲ್ಲಿ ಮೂಕವಾಗಿ ನೊಂದವರನ್ನು ಮರೆಯುವ ಅಪಾಯ ಎಲ್ಲ ಸಂಧಾನಕ್ಕೂ ಉಂಟು.

ಈ ಇತಿಹಾಸ ನಮ್ಮ ಪಾಲನಾ ಸೇವೆಗೆ ದೂರದ್ದಲ್ಲ. ಧರ್ಮಕೇಂದ್ರದಲ್ಲಿ ಸ್ಮಶಾನಭೂಮಿ, ಹಬ್ಬದ ಹಣ, ಆರಾಧನೆಯ ಭಾಷೆ ಮುಂತಾದವುಗಳ ಸಲುವಾಗಿ ವ್ಯಾಜ್ಯ ಹುಟ್ಟಿದಾಗ ಗುರುಗಳು ಪಂಚಾಯಿತಿಯ ಹಿರಿಯರಂತೆ ತೀರ್ಪು ನೀಡಲು ಮುಂದಾಗುವುದು ಸಹಜ. ತೀರ್ಪಿನಿಂದ ಒಬ್ಬರು ಗೆಲ್ಲುತ್ತಾರೆ, ಮತ್ತೊಬ್ಬರು ಪೂಜೆಯಿಂದ ದೂರವಾಗುತ್ತಾರೆ. ಧರ್ಮಸಭೆಯ ಕಾನೂನು ಸಂಹಿತೆಯ 1733ನೆಯ ವಿಧಿಯೂ ಆಡಳಿತಾತ್ಮಕ ನಿರ್ಣಯದಿಂದ ಹುಟ್ಟುವ ವಿವಾದಗಳಲ್ಲಿ ವಿವೇಕಿಗಳ ಮಧ್ಯಸ್ಥಿಕೆಯ ಮೂಲಕ ನ್ಯಾಯಸಮ್ಮತ ಪರಿಹಾರವನ್ನು ಅರಸಲು ಪ್ರೇರೇಪಿಸುತ್ತದೆ. ಆ ವಿವೇಕ ಗುರುದೀಕ್ಷೆಯೊಡನೆ ತಾನಾಗಿ ಬರುವುದಿಲ್ಲ. ಇಬ್ಬರ ಮಾತನ್ನೂ ಕಡೆಯವರೆಗೆ ಆಲಿಸುವುದು, ಸಣ್ಣ ಒಮ್ಮತದಿಂದ ಆರಂಭಿಸುವುದು, ತನಗೆ ನಿಲುಕದ್ದನ್ನು ಬಲ್ಲವರಿಗೆ ಒಪ್ಪಿಸುವುದು, ಸಭೆಗೆ ಕರೆಯಲ್ಪಡದವರ ನೋವನ್ನು ವಿಚಾರಿಸುವುದು: ಇವು ಗುರುಮಠದ ವರ್ಷಗಳಲ್ಲೇ, ಜೊತೆಗಾರರ ನಡುವಿನ ಚಿಕ್ಕಪುಟ್ಟ ಮನಸ್ತಾಪಗಳಲ್ಲೇ, ಅಭ್ಯಾಸವಾಗಬೇಕಾದ ಶಿಸ್ತುಗಳು.