ಮಗನಿಗಿಂತ ಚಿಕ್ಕ ಅಮ್ಮ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಇಸವಿ 1968. ತಮಿಳಿನ 'ಕುಡಿಯಿರುಂದ ಕೋಯಿಲ್' ತೆರೆಗೆ ಬರುತ್ತೆ. ಹೀರೋ ಎಂ.ಜಿ.ಆರ್., ಅದೂ ದ್ವಿಪಾತ್ರ. ಹುಟ್ಟಿದ್ದು 1917ರಲ್ಲಿ, ಅಂದ್ರೆ ಆಗ ಅವರಿಗೆ 51. ನಾಯಕಿ ಜಯಲಲಿತಾಗೆ 20. ಸರಿ, ಈ 51 ವರ್ಷದ ಅವಳಿ ಮಕ್ಕಳ ತಾಯಿಗೆ ಎಷ್ಟಿರಬಹುದು? ಎಪ್ಪತ್ತು? ಎಂಬತ್ತು?

ಹೆಚ್ಚೆಂದರೆ ನಲವತ್ತು. ಆಕೆಯ ಹೆಸರು ಪಂಡರಿಬಾಯಿ. ಹುಟ್ಟಿದ್ದು 1930ರ ಆಸುಪಾಸಿನಲ್ಲಿ, ನಮ್ಮ ಭಟ್ಕಳದಲ್ಲಿ. ತೆರೆಯ ಮೇಲೆ ತನ್ನನ್ನು 'ಅಮ್ಮಾ' ಅಂತ ಕರೆದ ಮಗನಿಗಿಂತ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು.

ನಮ್ಮ ತಲೆಮಾರಿನವರಿಗೆ ಪಂಡರಿಬಾಯಿ ಅಂದ್ರೆ ಭಾನುವಾರ ಸಂಜೆ ದೂರದರ್ಶನದಲ್ಲಿ ಬರುತ್ತಿದ್ದ ಅಮ್ಮ. ಸೆರಗಿನ ಅಂಚಲ್ಲಿ ಕಣ್ಣೊರೆಸಿಕೊಳ್ಳೋ ಅಮ್ಮ. ಹಾಸಿಗೆ ಹಿಡಿದ ಅಮ್ಮ. ಈಕೆ ಒಂದು ಕಾಲಕ್ಕೆ ಹೀರೋಯಿನ್ ಆಗಿದ್ದರು ಅಂದ್ರೆ, 'ಹೌದಾ?' ಅಂತ ಹುಬ್ಬೇರಿಸ್ತೀವಿ. ಹೀರೋಯಿನ್ ಆಗಿದ್ದರು ಅನ್ನೋದು ಅರ್ಧ ಮಾತು ಮಾತ್ರ. ದಕ್ಷಿಣದ ಇಬ್ಬರು ದೊಡ್ಡ ನಟರು ಹೀರೋಗಳಾಗಿ ಶುರುವಾಗಿದ್ದೇ ಈಕೆಯ ಪಕ್ಕದಲ್ಲಿ ನಿಂತು.

ಮೊದಲಿಂದ ಹೇಳ್ತೀನಿ. ಬಾಲ್ಯದಲ್ಲೇ ಹರಿಕಥೆ, ನಾಟಕ ಅಂತ ವೇದಿಕೆ ಹತ್ತಿದ ಹುಡುಗಿ 1943ರಲ್ಲಿ 'ವಾಣಿ' ಚಿತ್ರದ ಮೂಲಕ ಸಿನಿಮಾಕ್ಕೆ ಬಂದಳು. ಪಿಟೀಲು ಚೌಡಯ್ಯನವರು ನಿರ್ಮಿಸಿದ ಚಿತ್ರ ಅದು. ಆ ಕಾಲದಲ್ಲಿ ಕನ್ನಡ ಸಿನಿಮಾ ಅಂದ್ರೆ ಬಹುಪಾಲು ಮದ್ರಾಸು. ಸ್ಟುಡಿಯೋ ಅಲ್ಲಿ, ಲ್ಯಾಬ್ ಅಲ್ಲಿ, ದುಡ್ಡು ಹಾಕೋರೂ ಅಲ್ಲೇ. ಹೀಗಾಗಿ ಕನ್ನಡದ ನಟ ನಟಿಯರು ಮದ್ರಾಸಿಗೆ ಗಂಟುಮೂಟೆ ಕಟ್ಟೋದು, ತಮಿಳು ತೆಲುಗು ಕಲಿಯೋದು ಮಾಮೂಲು. ಇವತ್ತು ನಾವು 'ಪ್ಯಾನ್ ಇಂಡಿಯಾ' ಅಂತ ಡೋಲು ಬಾರಿಸ್ತೀವಲ್ಲ, ಅವರಿಗೆ ಅದು ಹೊಟ್ಟೆಪಾಡಾಗಿತ್ತು.

1952ರ ದೀಪಾವಳಿಗೆ 'ಪರಾಶಕ್ತಿ' ಬಂತು. ಕರುಣಾನಿಧಿ ಸಂಭಾಷಣೆ, ಕೃಷ್ಣನ್-ಪಂಜು ನಿರ್ದೇಶನ. ನಾಯಕ ಒಬ್ಬ ಹೊಸ ಹುಡುಗ, ಹೆಸರು ಶಿವಾಜಿ ಗಣೇಶನ್. ಆಗಷ್ಟೇ 24 ತುಂಬಿತ್ತು. ನಾಯಕಿ ಪಂಡರಿಬಾಯಿ. ಗೊತ್ತುಗುರಿ ಇಲ್ಲದೆ ಅಲೆಯುತ್ತಿದ್ದ ನಾಯಕನಿಗೆ ಬುದ್ಧಿ ಹೇಳಿ, ನಿನ್ನ ಸಿಟ್ಟನ್ನ ಸಮಾಜದ ಕಡೆ ತಿರುಗಿಸು ಅನ್ನೋ ಓದಿದ ಹೆಣ್ಣಿನ ಪಾತ್ರ.

ಮುಂದಿನ ವರ್ಷ ಕನ್ನಡದಲ್ಲಿ 'ಗುಣಸಾಗರಿ'. 1954ರಲ್ಲಿ 'ಬೇಡರ ಕಣ್ಣಪ್ಪ'. ಎಚ್.ಎಲ್.ಎನ್. ಸಿಂಹ ನಿರ್ದೇಶನದ ಈ ಚಿತ್ರಕ್ಕೆ ಮುತ್ತುರಾಜ ಅನ್ನೋ ರಂಗಭೂಮಿಯ ಹುಡುಗ ನಾಯಕ. ಆತ ರಾಜ್‌ಕುಮಾರ್ ಆಗಿದ್ದು ಅಲ್ಲಿಂದಲೇ. ಕಣ್ಣಪ್ಪನ ಹೆಂಡತಿ ನೀಲಾ ಆಗಿದ್ದು ಪಂಡರಿಬಾಯಿ. ವಯಸ್ಸಲ್ಲಿ ಇಬ್ಬರೂ ಹೆಚ್ಚುಕಮ್ಮಿ ಓರಗೆಯವರು. ಆದ್ರೆ ಸಿನಿಮಾದ ಲೆಕ್ಕದಲ್ಲಿ ಆಕೆ ಸೀನಿಯರ್, ಅಣ್ಣಾವ್ರು ಫ್ರೆಶರ್!

ಎರಡು ವರ್ಷದ ಒಳಗೆ ಇಬ್ಬರು ಫ್ರೆಶರ್‌ಗಳು, ಎರಡು ಭಾಷೆ, ನಾಯಕಿ ಮಾತ್ರ ಒಬ್ಬರೇ. ಅಲ್ಲಿಂದ ಆ ಇಬ್ಬರ ಕರಿಯರ್ ಗ್ರಾಫ್ ಎಲ್ಲಿಗೆ ಹೋಯ್ತು ಅಂತ ನಾನು ಹೇಳಬೇಕಿಲ್ಲ. ಈಕೆಯದು ಎಲ್ಲಿಗೆ ಹೋಯ್ತು ಅನ್ನೋದನ್ನ ಹೇಳಬೇಕು.

ಅದಕ್ಕೂ ಮುಂಚೆ 1954ರಲ್ಲೇ ಬಂದ ಇನ್ನೊಂದು ಸಿನಿಮಾ. ಎಪ್ಪತ್ತು ವರ್ಷ ಹಳೇ ಚಿತ್ರಕ್ಕೆ ಸ್ಪಾಯ್ಲರ್ ಅಲರ್ಟ್ ಕೊಡಬೇಕಾ? ಇರಲಿ, ಕೊಟ್ಟಿದೀನಿ. ಎವಿಎಂ ಸಂಸ್ಥೆಯ 'ಅಂದ ನಾಳ್', ನಿರ್ದೇಶನ ಎಸ್. ಬಾಲಚಂದರ್. ಕಥೆ ನಡೆಯೋದು 1943ರ ಅಕ್ಟೋಬರ್‌ನಲ್ಲಿ, ಮದ್ರಾಸಿನ ಮೇಲೆ ಜಪಾನಿನ ವಿಮಾನ ಬಾಂಬ್ ಹಾಕಿದ ದಿನಗಳಲ್ಲಿ. ರಾಜನ್ ಅನ್ನೋ ರೇಡಿಯೋ ಇಂಜಿನಿಯರ್ ತನ್ನ ಮನೆಯಲ್ಲೇ ಗುಂಡೇಟಿಗೆ ಸತ್ತು ಬಿದ್ದಿದ್ದಾನೆ. ಪೊಲೀಸರು ಒಬ್ಬೊಬ್ಬರನ್ನೇ ವಿಚಾರಿಸುತ್ತಾರೆ. ಒಬ್ಬೊಬ್ಬರದೂ ಒಂದೊಂದು ಕಥೆ. ಸತ್ತವನು ಶಿವಾಜಿ ಗಣೇಶನ್. ಹೆಂಡತಿ ಉಷಾ ಆಗಿ ಪಂಡರಿಬಾಯಿ.

ಇಡೀ ಚಿತ್ರದಲ್ಲಿ ಒಂದು ಹಾಡಿಲ್ಲ, ಒಂದು ಡಾನ್ಸ್ ಇಲ್ಲ. ತಮಿಳಿನಲ್ಲಿ ಅಂಥದ್ದು ಅದೇ ಮೊದಲು. ಕೊನೆಗೆ ಗೊತ್ತಾಗುತ್ತೆ: ರಾಜನ್ ದೇಶದ ಗುಟ್ಟನ್ನ ಜಪಾನಿಗೆ ಮಾರುತ್ತಿದ್ದ, ಗುಂಡು ಹಾರಿದ್ದು ದೇಶಪ್ರೇಮಿ ಹೆಂಡತಿಯ ಕೈಯಿಂದ. ಗಂಡನೇ ದೇವರು ಅಂತ ಸಿನಿಮಾಗಳು ಸಾರುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಗಂಡನ ಎದುರು ಪಿಸ್ತೂಲು ಹಿಡಿದು ನಿಂತ ಹೆಂಡತಿ. ಒಳಗಡೆ ಆಕೆ ಪಡುವ ಸಂಕಟವನ್ನ ಸಂಭಾಷಣೆಗಿಂತ ಆ ಮುಖವೇ ಹೆಚ್ಚು ಹೇಳುತ್ತೆ. ಈಕೆಗೆ ಅಳೋದು ಮಾತ್ರ ಗೊತ್ತು ಅಂದುಕೊಂಡವರು ಆ ದೃಶ್ಯ ನೋಡಬೇಕು.

ವಿಪರ್ಯಾಸ ನೋಡಿ. 'ಅಂದ ನಾಳ್' ಮೊದಲ ಬಿಡುಗಡೆಯಲ್ಲಿ ಓಡಲಿಲ್ಲ. 'ಬೇಡರ ಕಣ್ಣಪ್ಪ' ಗೆದ್ದಿತು. ಒಂದೇ ವರ್ಷ ಒಬ್ಬಳೇ ನಟಿ ಎರಡು ಥರದ ಹೆಂಡತಿಯನ್ನ ತೋರಿಸಿದಳು. ಒಬ್ಬಳು ಗಂಡನ ಜೊತೆ ಎಲ್ಲ ಕಷ್ಟ ನುಂಗುವವಳು, ಇನ್ನೊಬ್ಬಳು ಗಂಡನನ್ನೇ ಪ್ರಶ್ನಿಸುವವಳು. ಯಾವುದಕ್ಕೆ ಹೆಚ್ಚು ಟಿಕೆಟ್ ಹರಿಯಿತು ಅಂತ ನಿರ್ಮಾಪಕರು ನೋಡಿಕೊಂಡರು. ಒಂದೇ ಸಿನಿಮಾದಿಂದ ಒಬ್ಬರ ಹಣೆಬರಹ ತೀರ್ಮಾನ ಆಗಲ್ಲ, ಒಪ್ಪಿದೆ. ಆದ್ರೆ ಆಮೇಲೆ ಆಕೆಗೆ ಸಿಕ್ಕಿದ್ದರಲ್ಲಿ ನೀಲಾಗಳು ಹೆಚ್ಚು, ಉಷಾಗಳು ಅಪರೂಪ. ತಂಗಿ ಮೈನಾವತಿಯೂ ಚಿತ್ರರಂಗಕ್ಕೆ ಬಂದರು. ಅಕ್ಕ ತಾನೇ ನಿರ್ಮಾಪಕಿಯೂ ಆದರು. ಆದ್ರೆ ತೆರೆಯ ಮೇಲಿನ ಇಮೇಜು ಬದಲಾಗಲಿಲ್ಲ. ಸಹಿಸುವ ಹೆಣ್ಣು ಅಂದ್ರೆ ಪಂಡರಿಬಾಯಿ. ಸಹಿಸುವ ಹೆಂಡತಿಯಿಂದ ಸಹಿಸುವ ತಾಯಿಗೆ ಎಷ್ಟು ದೂರ? ಚಿತ್ರರಂಗದಲ್ಲಿ ಹತ್ತು ವರ್ಷ ಸಾಕು.

1969ರ 'ದೈವ ಮಗನ್' ಬಗ್ಗೆ ಹೇಳಲೇಬೇಕು. ಶಿವಾಜಿಯದು ತ್ರಿಪಾತ್ರ. ಮುಖ ವಿಕಾರವಾಗಿರುವ ತಂದೆ, ಅದೇ ಮುಖ ಹೊತ್ತು ಹುಟ್ಟಿ ತಂದೆಗೇ ಬೇಡವಾದ ಹಿರಿಯ ಮಗ, ಮನೆಯಲ್ಲಿ ಮುದ್ದಾಗಿ ಬೆಳೆದ ಕಿರಿಯ ಮಗ. ಮೂವರೂ ಶಿವಾಜಿಯೇ. ಪಂಡರಿಬಾಯಿ ಆ ತಂದೆಯ ಹೆಂಡತಿ, ಆ ಇಬ್ಬರು ಮಕ್ಕಳ ತಾಯಿ. ಅಂದ್ರೆ ಹದಿನೇಳು ವರ್ಷದ ಹಿಂದೆ ಯಾರ ಎದುರು ನಾಯಕಿ ಆಗಿದ್ದರೋ ಅದೇ ಮನುಷ್ಯನಿಗೆ ಒಂದೇ ಚಿತ್ರದಲ್ಲಿ ಹೆಂಡತಿಯೂ ಹೌದು, ಎರಡು ಸಲ ತಾಯಿಯೂ ಹೌದು! ಮಗ ಶಿವಾಜಿಗೆ ನಾಯಕಿ ಜಯಲಲಿತಾ, ಆಗ 21. ಭಾರತದಿಂದ ಆಸ್ಕರ್‌ಗೆ ಹೋದ ಮೊದಲ ದಕ್ಷಿಣ ಭಾರತೀಯ ಚಿತ್ರ ಇದು. ಮೂರು ಶಿವಾಜಿಗಳ ಬಗ್ಗೆ ಜನ ಇವತ್ತಿಗೂ ಮಾತಾಡ್ತಾರೆ. ಮೂವರನ್ನೂ ಒಂದು ಕುಟುಂಬ ಅಂತ ನಾವು ನಂಬೋ ಹಾಗೆ ಮಾಡಿದ ಹೆಣ್ಣಿನ ಬಗ್ಗೆ ಅಷ್ಟು ಮಾತಿಲ್ಲ. ನಾಲ್ಕು ವರ್ಷ ಬಿಟ್ಟು 'ಗೌರವಂ'ನಲ್ಲೂ ಅದೇ ಕಥೆ: ಬ್ಯಾರಿಸ್ಟರ್ ಶಿವಾಜಿಗೆ ಹೆಂಡತಿ, ಇನ್ನೊಬ್ಬ ಶಿವಾಜಿಗೆ ಸಾಕುತಾಯಿ.

ಕನ್ನಡದಲ್ಲಿ ಈ ವೃತ್ತ ಪೂರ್ತಿ ಆಗಿದ್ದು 1986ರಲ್ಲಿ. 'ಅನುರಾಗ ಅರಳಿತು' ನೋಡದ ಕನ್ನಡಿಗರು ಕಮ್ಮಿ. ರಾಜ್‌ಕುಮಾರ್‌ಗೆ ಆಗ 57. ನಾಯಕಿ ಮಾಧವಿ ಇಪ್ಪತ್ತರ ಹರೆಯದವರು. ನಾಯಕನ ಕಾಯಿಲೆ ಬಿದ್ದ ತಾಯಿ ಯಾರು? ಬೇಡರ ಕಣ್ಣಪ್ಪನ ನೀಲಾ. ಇಬ್ಬರ ವಯಸ್ಸಿನ ಅಂತರ 1954ರಲ್ಲಿ ಎಷ್ಟಿತ್ತೋ 1986ರಲ್ಲೂ ಅಷ್ಟೇ ಇತ್ತು. ಗಡಿಯಾರ ಇಬ್ಬರಿಗೂ ಒಂದೇ ಸಮ ಓಡಿತ್ತು, ಚಿತ್ರರಂಗ ಮಾತ್ರ ಎರಡು ಗಡಿಯಾರ ಇಟ್ಟುಕೊಂಡಿತ್ತು.

ಇದನ್ನ ಬರೀ ಅನ್ಯಾಯ ಅಂತ ಬರೆದು ಮುಗಿಸೋಕೆ ನನಗೆ ಮನಸ್ಸಿಲ್ಲ. ಐವತ್ತರ ದಶಕದ ಎಷ್ಟೋ ನಾಯಕಿಯರು ಮೂವತ್ತು ದಾಟುತ್ತಲೇ ತೆರೆಯಿಂದ ಮಾಯವಾದರು. ಈಕೆ ಐದು ದಶಕ ಕೆಲಸ ಮಾಡಿದರು. ಕನ್ನಡ, ತಮಿಳು, ತೆಲುಗು, ಹಿಂದಿ. ಬಾಗಿಲು ಒಂದೇ ತೆರೆದಿತ್ತು, ಅದರ ಮೂಲಕವೇ ನಡೆದರು. ತಾಯಿ ಪಾತ್ರದಲ್ಲಿ ಬರೆದುಕೊಟ್ಟ ನಾಲ್ಕು ಸಾಲಿಗೆ ತನ್ನದೊಂದು ಘನತೆ ಸೇರಿಸಿದರು. 'ಅನುರಾಗ ಅರಳಿತು' 1992ರಲ್ಲಿ ತಮಿಳಿಗೆ 'ಮನ್ನನ್' ಆಗಿ ಹೋದಾಗ ನಾಯಕ ಬದಲಾದ, ರಜನೀಕಾಂತ್ ಬಂದರು. ನಾಯಕಿ ಬದಲಾದಳು, ವಿಜಯಶಾಂತಿ ಬಂದರು. ತಾಯಿ ಬದಲಾಗಲಿಲ್ಲ. ಆ ಚಿತ್ರದಲ್ಲಿ ಇಳಯರಾಜ ಸಂಗೀತಕ್ಕೆ ಯೇಸುದಾಸ್ ಹಾಡಿದ ತಾಯಿಯ ಹಾಡು ತಮಿಳರ ಬಾಯಲ್ಲಿ ಇನ್ನೂ ಇದೆ.

ಆದ್ರೂ ಒಂದು ಪ್ರಶ್ನೆ ಹೋಗಲ್ಲ. ಉಷಾ ಥರದ ಇನ್ನೊಂದು ಹತ್ತು ಪಾತ್ರ ಸಿಕ್ಕಿದ್ದರೆ? ಮೂವತ್ತೈದರ, ನಲವತ್ತರ ಹೆಣ್ಣಿಗೂ ಒಂದು ಕಥೆ ಇರುತ್ತೆ, ಕೆಲಸ, ಸಿಟ್ಟು, ಪ್ರೀತಿ, ರಾಜಕೀಯ ಇರುತ್ತೆ ಅಂತ ಯಾರಾದರೂ ಬರೆದಿದ್ದರೆ? ಆಫೀಸಿನಲ್ಲಿ 'ಇನ್ನು ಇವರಿಗೆ ಹೊಸ ಪ್ರಾಜೆಕ್ಟ್ ಯಾಕೆ, ಟೀಮ್ ನೋಡಿಕೊಳ್ಳಲಿ ಬಿಡಿ' ಅಂತ ನಲವತ್ತರ ಹೆಂಗಸರ ಬಗ್ಗೆ ಮೀಟಿಂಗ್‌ಗಳಲ್ಲಿ ಕೇಳಿದಾಗೆಲ್ಲ ನನಗೆ ಕುಡಿಯಿರುಂದ ಕೋಯಿಲಿನ ಲೆಕ್ಕ ನೆನಪಾಗುತ್ತೆ. ಅಲ್ಲೂ ಯಾರೂ ಕೆಟ್ಟವರಿರಲ್ಲ. 'ನೋಡಿಕೊಳ್ಳೋದು ಇವರಿಗೆ ಚೆನ್ನಾಗಿ ಬರುತ್ತೆ' ಅಂತ ಹೊಗಳುತ್ತಲೇ ಪಕ್ಕಕ್ಕೆ ಕೂರಿಸಿರ್ತಾರೆ.

ಪಂಡರಿಬಾಯಿ 2003ರಲ್ಲಿ ಚೆನ್ನೈನಲ್ಲಿ ತೀರಿಕೊಂಡರು. ಈ ವಾರಾಂತ್ಯ ಬಿಡುವಿದ್ದರೆ ಒಂದು ಕೆಲಸ ಮಾಡಿ. ಶನಿವಾರ 'ಬೇಡರ ಕಣ್ಣಪ್ಪ' ನೋಡಿ, ಭಾನುವಾರ 'ಅಂದ ನಾಳ್'. ತಮಿಳು ಬರದಿದ್ದರೂ ಪರವಾಗಿಲ್ಲ, ಕೊನೆಯ ಇಪ್ಪತ್ತು ನಿಮಿಷ ಆಕೆಯ ಮುಖ ನೋಡ್ತಾ ಕೂತ್ಕೊಳ್ಳಿ. ಆಮೇಲೆ ನಿಮ್ಮ ಅಮ್ಮನಿಗೋ ಅಜ್ಜಿಗೋ ಫೋನ್ ಮಾಡಿ, ಪಂಡರಿಬಾಯಿ ನೆನಪಿದೆಯಾ ಅಂತ ಕೇಳಿ. 'ಹೂಂ, ಆ ಅಮ್ಮನ ಪಾರ್ಟ್ ಮಾಡೋರು' ಅಂತಾರೆ. ಆಗ ಉಷಾ ಕಥೆ ಹೇಳಿ.